ಎರಡೂವರೆ ಹಳೆಯ ಸೀರೆ, ಒಂದು ಕೌದಿ: ಬೆಂಗಳೂರಿನ ಚಳಿಗಾಲಕ್ಕೆ ಮನೆಯ ಹೊಲಿಗೆ

ಬೆಂಗಳೂರಿನ ಚಳಿ ಕೌದಿಗೆಂದೇ, ಅಂದರೆ ಹಳೆಯ ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊದಿಕೆಗೆಂದೇ, ಹೇಳಿ ಮಾಡಿಸಿದಂತಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ಡಿಸೆಂಬರ್, ಜನವರಿ ರಾತ್ರಿಗಳ ಉಷ್ಣಾಂಶ ಸಾಮಾನ್ಯವಾಗಿ 15–16 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುತ್ತದೆ. ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಇಷ್ಟು ಚಳಿಗೆ ದಪ್ಪ ಪಾಲಿಯೆಸ್ಟರ್ ರಗ್ಗು ಹೊದ್ದರೆ ನಡುರಾತ್ರಿ ಬೆವೆತು ಕಾಲಿನಿಂದ ಒದ್ದು ತಳ್ಳುತ್ತೇವೆ. ಬರಿಯ ಹೊದಿಕೆ ಸಾಕೆಂದು ಮಲಗಿದರೆ ಬೆಳಗಿನ ಜಾವಕ್ಕೆ ಮೈ ಮುದುರುತ್ತದೆ. ಇವೆರಡರ ನಡುವೆ ಸರಿಯಾಗಿ ಒಗ್ಗುವುದು ಮೂರು ಪದರದ ಹಳೆಯ ಹತ್ತಿ ಬಟ್ಟೆ. ಒಗೆದು ಒಗೆದು ಮೆದುವಾದ ನೂಲಿನ ಸೀರೆಗಳು ಹೆಚ್ಚಿನ ಮನೆಗಳ ಬೀರುವಿನ ಕೆಳಗಿನ ಅರೆಯಲ್ಲಿ ಇದ್ದೇ ಇರುತ್ತವೆ. ಅವನ್ನು ಸ್ಟೀಲ್ ಪಾತ್ರೆಯವರಿಗೆ ಕೊಡುವ ಮೊದಲು ಒಮ್ಮೆ ಕೆಳಗೆ ಹರಡಿ ನೋಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಉತ್ತರ ಕರ್ನಾಟಕದ ಊರುಗಳಲ್ಲಿ ಕೌದಿ ಇಲ್ಲದ ಮನೆ ಅಪರೂಪ. ಯಲ್ಲಾಪುರ, ಹಳಿಯಾಳ ಭಾಗದ ಸಿದ್ದಿ ಮಹಿಳೆಯರ ಕೌದಿಗಳಂತೂ ಬಣ್ಣದ ತೇಪೆಗಳ ಜೋಡಣೆಗೆ ಹೆಸರಾಗಿವೆ. ಅವರು ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮುಕ್ಕೋನವಾಗಿ ಮಡಿಸಿ ಹೂವಿನಂತೆ ಕೂರಿಸುತ್ತಾರೆ. ಆ ಮಟ್ಟಕ್ಕೆ ಹೋಗಲು ವರ್ಷಗಳು ಬೇಕು. ಆದರೆ ಮೈ ಬೆಚ್ಚಗಿಡುವ, ಹತ್ತಾರು ವರ್ಷ ಬಾಳುವ ಒಂದು ಕೌದಿಯನ್ನು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಕುಳಿತು ಯಾರು ಬೇಕಾದರೂ ಹೊಲಿಯಬಹುದು. ಗಂಡಸರೂ ಹೊಲಿಯಬಹುದು, ಹೊಲಿಯಬೇಕು.

ಯಾವಾಗ ಶುರು ಮಾಡಬೇಕು

ದೀಪಾವಳಿ ಮುಗಿದ ವಾರವೇ ಒಳ್ಳೆಯ ಸಮಯ. ನವೆಂಬರ್‌ನಲ್ಲಿ ಹಿಂಗಾರು ಮಳೆ ಆಗೀಗ ಬಂದುಹೋಗುತ್ತಿರುತ್ತದೆ. ಆದ್ದರಿಂದ ಬಿಸಿಲು ಕಂಡ ಮೊದಲ ದಿನವೇ ಸೀರೆಗಳನ್ನು ಒಗೆದು ಒಣಗಿಸಿಕೊಳ್ಳಿ. ಬಸವನಗುಡಿಯ ಕಡಲೆಕಾಯಿ ಪರಿಷೆ ಬರುವ ಹೊತ್ತಿಗೆ, ಅಂದರೆ ಕಾರ್ತಿಕ ಮಾಸದ ಕಡೆಯ ಸೋಮವಾರಕ್ಕೆ, ಪದರಗಳು ಜೋಡಣೆಯಾಗಿರಲಿ. ಡಿಸೆಂಬರ್ ಮೊದಲ ವಾರದಲ್ಲಿ ಸೂರ್ಯ ಆರು ಗಂಟೆಗೂ ಮುಂಚೆಯೇ ಮುಳುಗುತ್ತಾನೆ. ಆ ಉದ್ದನೆಯ ಸಂಜೆಗಳೇ ಹೊಲಿಗೆಗೆ ಸಿಗುವ ಹೊತ್ತು. ದಿನಕ್ಕೆ ಒಂದು ಗಂಟೆ ಕುಳಿತರೂ ಸಂಕ್ರಾಂತಿಗೆ ಹೊದೆಯಬಹುದು.

ಜೀವಮಾನದಲ್ಲಿ ಸೂಜಿ ಹಿಡಿಯದವರು ದೊಡ್ಡದಕ್ಕೆ ಕೈಹಾಕುವ ಮೊದಲು ಮೂರು ಅಡಿ ಉದ್ದ, ಮೂರು ಅಡಿ ಅಗಲದ ಚಿಕ್ಕ ಕೌದಿಯೊಂದನ್ನು ಹೊಲಿಯಿರಿ. ಏಳೆಂಟು ಗಂಟೆಯ ಕೆಲಸ ಅದು. ಮಗುವನ್ನು ನೆಲದ ಮೇಲೆ ಆಡಲು ಬಿಡುವಾಗ ಹಾಸುವುದಕ್ಕೆ ಆಗುತ್ತದೆ. ಒಂದು ವರ್ಷದೊಳಗಿನ ಕೂಸು ಮಲಗಿರುವಾಗ ಮಾತ್ರ ಅದನ್ನು ಮೇಲೆ ಹೊದಿಸಬೇಡಿ. ಸಡಿಲವಾದ ಹೊದಿಕೆ ಮುಖಕ್ಕೆ ಸರಿದರೆ ಅಪಾಯ.

ಸೀರೆಯ ಆಯ್ಕೆ

ಕೌದಿಗೆ ಬೇಕಾದದ್ದು ಶುದ್ಧ ಹತ್ತಿ. ನೋಡಲು ನೂಲಿನಂತಿರುವ ಎಷ್ಟೋ ಸೀರೆಗಳಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಸಂಶಯವಿದ್ದರೆ ಒಳಬದಿಯಿಂದ ನಾಲ್ಕೈದು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಸ್ಟೀಲ್ ತಟ್ಟೆಯ ಮೇಲೆ ಸುಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಿಗೆ ಪುಡಿಯಾಗುವ ಬೂದಿ ಉಳಿಯುತ್ತದೆ. ಪಾಲಿಯೆಸ್ಟರ್ ಆದರೆ ಎಳೆ ಕರಗಿ ಕುಗ್ಗುತ್ತದೆ, ತುದಿಯಲ್ಲಿ ಗಟ್ಟಿ ಮಣಿ ಕಟ್ಟುತ್ತದೆ. ಆರಿದ ಮೇಲೆ ಮುಟ್ಟಿ ನೋಡಿ. ಅಂಥ ಮಣಿ ಸಿಕ್ಕರೆ ಆ ಸೀರೆ ಕೌದಿಗೆ ಬೇಡ.

ಜರಿ ಅಂಚಿದ್ದರೆ ಕತ್ತರಿಸಿ ತೆಗೆಯಿರಿ. ಜರಿ ಮೈಗೆ ಚುಚ್ಚುತ್ತದೆ, ಸೂಜಿಗೂ ಅಡ್ಡ ಬರುತ್ತದೆ. ಇಳಕಲ್ ಸೀರೆಯಾದರೆ ಒಡಲು ನೂಲಿನದ್ದಾದರೂ ಸೆರಗು ರೇಷ್ಮೆಯದ್ದಿರಬಹುದು. ಎರಡೂ ಒಗೆತಕ್ಕೆ ಬೇರೆ ಬೇರೆ ರೀತಿ ಕುಗ್ಗುವುದರಿಂದ ಸೆರಗನ್ನು ಬೇರ್ಪಡಿಸಿ ದಿಂಬಿನ ಕವರಿಗೋ ಕೈಚೀಲಕ್ಕೋ ಇಟ್ಟುಕೊಳ್ಳಿ.

ಬಟ್ಟೆ ಬಣ್ಣ ಬಿಡುತ್ತದೆಯೇ ಎಂಬುದನ್ನು ಮೊದಲೇ ನೋಡಬೇಕು. ಬಿಳಿ ಬಟ್ಟೆಯ ಚೂರನ್ನು ಒದ್ದೆ ಮಾಡಿ ಸೀರೆಯ ಮೂಲೆಗೆ ಬಲವಾಗಿ ಉಜ್ಜಿ. ಕೆಂಪು, ಕಡುನೀಲಿ ಬಣ್ಣಗಳು ಹಳತಾದರೂ ಒಮ್ಮೊಮ್ಮೆ ಬಿಡುತ್ತವೆ. ಬಣ್ಣ ಹತ್ತಿದರೆ ಆ ಸೀರೆಯನ್ನು ಕಡುಬಣ್ಣದ ಬಟ್ಟೆಗಳ ಜೊತೆಗೇ ಸೇರಿಸಿ, ತಿಳಿಬಣ್ಣದ ಪಕ್ಕ ಬೇಡ. ಗಂಜಿ ಹಾಕಿದ ಸೀರೆಯನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿಯೆಲ್ಲ ಹೋಗುವಂತೆ ಒಗೆಯಿರಿ. ಗಂಜಿ ಉಳಿದ ಬಟ್ಟೆಯಲ್ಲಿ ಸೂಜಿ ಸರಾಗವಾಗಿ ಇಳಿಯುವುದಿಲ್ಲ. ಕಡೆಯದಾಗಿ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಜರಡಿಯಂತೆ ಬೆಳಕು ತೂರಿಬರುವ ಕಡೆ ನೂಲು ಸವೆದಿದೆ ಎಂದರ್ಥ. ಆ ಭಾಗ ನಡುವಿನ ಪದರಕ್ಕೆ ಹೋಗಲಿ.

ಲೆಕ್ಕ ಮತ್ತು ಕತ್ತರಿ

ಸಾಮಾನ್ಯ ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 46 ಅಂಗುಲ ಅಗಲ ಇರುತ್ತದೆ. ಅದನ್ನು ಉದ್ದದಲ್ಲಿ ಮೂರು ಸಮಭಾಗ ಮಾಡಿದರೆ ಒಂದೊಂದು ತುಂಡು ಆರು ಅಡಿ ಬರುತ್ತದೆ. ಅಂಥ ಎರಡು ತುಂಡುಗಳನ್ನು ಅಂಚಿಗೆ ಅಂಚು ಕೂಡಿಸಿದರೆ ಆರು ಅಡಿ ಅಗಲ, ಏಳೂವರೆ ಅಡಿ ಉದ್ದದ ಒಂದು ಪದರ ಸಿದ್ಧ. ಎರಡು ಸೀರೆಯಿಂದ ಆರು ತುಂಡು, ಆರು ತುಂಡಿನಿಂದ ಮೂರು ಪದರ. ಒಬ್ಬರು ಕಾಲಿನಿಂದ ತಲೆಯವರೆಗೆ ಹೊದ್ದು ಮಗ್ಗುಲಾಗಲು ಇದು ಧಾರಾಳ. ಜರಿ ಅಂಚು ತೆಗೆದಿದ್ದರೆ ಉದ್ದದಲ್ಲಿ ಕೆಲವು ಅಂಗುಲ ಕಡಿಮೆಯಾಗುತ್ತದೆ, ಅದರಿಂದ ತೊಂದರೆಯಿಲ್ಲ.

ಮೂರೂ ಪದರಗಳ ಜೋಡಣೆ ಒಂದೇ ಜಾಗದಲ್ಲಿ ಬಂದರೆ ಕೌದಿಯ ನಟ್ಟನಡುವೆ ದಪ್ಪ ಏಣು ಏಳುತ್ತದೆ, ಮಲಗಿದಾಗ ಒತ್ತುತ್ತದೆ. ಇದಕ್ಕೆ ಉಪಾಯವಿದೆ. ನಡುವಿನ ಪದರಕ್ಕೆ ಮೀಸಲಾದ ಎರಡು ತುಂಡುಗಳಲ್ಲಿ ಒಂದನ್ನು ಅಂಚಿಗೆ ಸಮಾನಾಂತರವಾಗಿ 23 ಅಂಗುಲದ ಎರಡು ಪಟ್ಟಿ ಮಾಡಿ, ಇನ್ನೊಂದು ಇಡೀ ತುಂಡಿನ ಎರಡು ಬದಿಗೂ ಒಂದೊಂದು ಪಟ್ಟಿ ಹೊಲಿಯಿರಿ. ಆಗ ನಡುವಿನ ಪದರದ ಜೋಡಣೆಗಳು ಮಿಕ್ಕವುಗಳಿಂದ ಎರಡು ಅಡಿಯಷ್ಟು ದೂರ ಸರಿಯುತ್ತವೆ. ಕೌದಿ ಎಲ್ಲ ಕಡೆಯೂ ಒಂದೇ ದಪ್ಪವಾಗುತ್ತದೆ.

ಇನ್ನರ್ಧ ಸೀರೆ ಸುತ್ತಲಿನ ಪಟ್ಟಿಗೆ ಬೇಕು. ಕೌದಿಯ ಸುತ್ತಳತೆ 27 ಅಡಿ, ಎಂದರೆ ಸುಮಾರು ಎಂಟೂಕಾಲು ಮೀಟರ್. ನಡುವೆ ಹರಿದುಹೋದ ಒಂದು ಸೀರೆಯ ಎರಡು ನೂಲಿನ ಅಂಚುಗಳಿಂದ ಹನ್ನೊಂದು ಮೀಟರ್ ಪಟ್ಟಿ ಸಿಗುತ್ತದೆ. ಮೂರು ಅಂಗುಲ ಅಗಲವಿರಲಿ. ಉಳಿದ ಗಟ್ಟಿ ಭಾಗ ಮೇಲಿನ ತೇಪೆಗಳಿಗೆ ಆಗುತ್ತದೆ. ಬಣ್ಣಬಣ್ಣದ ತೇಪೆ ಬೇಕೆನಿಸಿದರೆ ಬಡಾವಣೆಯ ದರ್ಜಿಯನ್ನು ಕೇಳಿ. ರವಿಕೆ, ಅಂಗಿ ಹೊಲಿದು ಉಳಿದ ಹತ್ತಿ ಬಟ್ಟೆಯ ಚೂರುಗಳನ್ನು ಬಹಳಷ್ಟು ಜನ ಖುಷಿಯಿಂದ ಕೊಡುತ್ತಾರೆ. ಹೊಸ ಬಟ್ಟೆಯ ಚೂರನ್ನು ಮಾತ್ರ ಒಮ್ಮೆ ಒಗೆಯದೆ ಬಳಸಬೇಡಿ. ಮುಂದೆ ಕುಗ್ಗಿ ಸುತ್ತಲಿನ ಬಟ್ಟೆಯನ್ನೂ ಸುಕ್ಕಾಗಿಸುತ್ತದೆ.

ಸಾಮಾನು

ಉದ್ದನೆಯ ಕೈಹೊಲಿಗೆ ಸೂಜಿಗಳ ಒಂದು ಪೊಟ್ಟಣ, ಗಟ್ಟಿ ಹತ್ತಿ ದಾರ, ಹರಿತವಾದ ಕತ್ತರಿ, ಟೇಪು, ದರ್ಜಿಯ ಸೀಮೆಸುಣ್ಣ, ಮಧ್ಯದ ಬೆರಳಿಗೆ ತೊಡುವ ಲೋಹದ ಟೋಪಿ. ಇಷ್ಟೇ. ಹಸಿರು ಮಾರ್ಗದ ಮೆಟ್ರೊದಲ್ಲಿ ಚಿಕ್ಕಪೇಟೆ ನಿಲ್ದಾಣದಲ್ಲಿ ಇಳಿದು ಪೇಟೆಯ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಸಿಗುತ್ತದೆ, ದಾರದ ಬಣ್ಣಗಳನ್ನು ಕಣ್ಣಾರೆ ನೋಡಿ ಆರಿಸಬಹುದು. ಬೆರಳಿನ ಟೋಪಿಯನ್ನು ಕಡೆಗಣಿಸಬೇಡಿ. ಮೂರು ಪದರದಲ್ಲಿ ಸೂಜಿ ತಳ್ಳುವಾಗ ಬರಿಬೆರಳು ಎರಡೇ ದಿನಕ್ಕೆ ತೂತು ಬೀಳುತ್ತದೆ. ದಾರ ಮುನ್ನೂರು ಮೀಟರ್ ಬೇಕಾಗುತ್ತದೆ, ಅದಕ್ಕಿಂತ ತುಸು ಹೆಚ್ಚೇ ತನ್ನಿ. ನಡುವೆ ಮುಗಿದರೆ ಅದೇ ಬಣ್ಣ ಮತ್ತೆ ಸಿಗುವ ಖಾತ್ರಿಯಿಲ್ಲ.

ಹಾಸುವುದು, ಕಚ್ಚಾ ಹೊಲಿಗೆ

ಇಡೀ ಕೆಲಸದ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಅವಸರ ಬೇಡ. ರಜೆಯ ದಿನ ಬೆಳಿಗ್ಗೆ ಸೋಫಾ ಸರಿಸಿ, ನೆಲ ಒರೆಸಿ, ಒಣಗಿದ ಮೇಲೆ ಶುರು ಮಾಡಿ. ಈಗಿನ ಹೆಚ್ಚಿನ ಫ್ಲ್ಯಾಟುಗಳ ನೆಲದಲ್ಲಿ ಎರಡು ಅಡಿ ಚೌಕದ ಟೈಲ್ಸ್ ಇರುತ್ತವೆ. ಅವುಗಳ ಗೆರೆಗಳೇ ನಿಮ್ಮ ಅಳತೆಪಟ್ಟಿ. ಅಗಲಕ್ಕೆ ಮೂರು ಟೈಲ್, ಉದ್ದಕ್ಕೆ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಬಟ್ಟೆಯ ಅಂಚನ್ನು ಗೆರೆಗೆ ಹೊಂದಿಸಿದರೆ ಮೂಲೆಗಳು ತಾವಾಗಿ ನೇರ ನಿಲ್ಲುತ್ತವೆ.

ಕೆಳಗಿನ ಪದರವನ್ನು ಒಳಮೈ ಮೇಲಾಗಿ ಹಾಸಿ ನಾಲ್ಕು ಮೂಲೆಗೂ ಅಂಟುಪಟ್ಟಿ ಹಚ್ಚಿ. ಸುಕ್ಕಿಲ್ಲದಂತೆ ಇರಬೇಕು, ಆದರೆ ಎಳೆದು ಬಿಗಿಯಬಾರದು. ಬಿಗಿದ ಬಟ್ಟೆ ಅಂಟುಪಟ್ಟಿ ತೆಗೆದ ಕೂಡಲೇ ಕುಗ್ಗಿ ಮೇಲಿನ ಪದರಗಳನ್ನು ನೆರಿಗೆಯಾಗಿಸುತ್ತದೆ. ಅದರ ಮೇಲೆ ನಡುವಿನ ಪದರ, ಕಡೆಗೆ ಒಳ್ಳೆಯ ಮುಖ ಮೇಲಾಗಿ ಮೇಲ್ಪದರ. ಪ್ರತಿ ಸಲವೂ ಎರಡೂ ಅಂಗೈಗಳಿಂದ ನಡುವಿನಿಂದ ಹೊರಕ್ಕೆ ಸವರುತ್ತ ಹೋಗಿ. ಈ ಹೊತ್ತಿಗೆ ಮನೆಯಲ್ಲಿ ಇನ್ನೊಬ್ಬರಿದ್ದರೆ ಕೆಲಸ ಅರ್ಧವಾಗುತ್ತದೆ. ಮಕ್ಕಳಿಗೂ ಇದು ಇಷ್ಟದ ಕೆಲಸ.

ಈಗ ಕಚ್ಚಾ ಹೊಲಿಗೆ, ಎಂದರೆ ಪದರಗಳು ಸರಿಯದಂತೆ ಹಿಡಿದಿಟ್ಟು ಕಡೆಗೆ ತೆಗೆದುಹಾಕುವ ತಾತ್ಕಾಲಿಕ ಹೊಲಿಗೆ. ಸುಲಭವಾಗಿ ಕಾಣುವ ಬಣ್ಣದ ದಾರದಿಂದ, ಬೆರಳುದ್ದದ ಹೊಲಿಗೆಗಳನ್ನು ಹಾಕುತ್ತ ಮೊದಲು ನಡುವಿನಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು ಸಾಲು. ಆಮೇಲೆ ಎರಡೂ ಬದಿಗೆ ಗೇಣಿಗೊಂದರಂತೆ ಸಾಲುಗಳು. ಬೇಸರ ತರುವ ಕೆಲಸವೆಂದು ಇದನ್ನು ನಾಲ್ಕು ಸೇಫ್ಟಿ ಪಿನ್ನಿನಲ್ಲಿ ಮುಗಿಸುವವರಿದ್ದಾರೆ. ಆ ಕೌದಿಗಳ ಹಿಂಬದಿಯಲ್ಲಿ ಬಟ್ಟೆ ಸಿಕ್ಕಿಕೊಂಡ ಮಡಿಕೆಗಳನ್ನು ನೋಡಿದರೆ ಸಂಕಟವಾಗುತ್ತದೆ. ಕಚ್ಚಾ ಹೊಲಿಗೆ ಮುಗಿದ ಮೇಲೆ ಕೌದಿಯನ್ನು ಮಡಿಸಿಡಬಹುದು, ಸೋಫಾ ತನ್ನ ಜಾಗಕ್ಕೆ ಮರಳಬಹುದು.

ಕೈಹೊಲಿಗೆ

ಸಾಂಪ್ರದಾಯಿಕವಾಗಿ ಅಂಚಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಹೋಗುವ ಕ್ರಮವಿದೆ. ಪಳಗಿದ ಕೈಯಲ್ಲಿ ಅದು ಬಹಳ ಚೆಂದ ಬರುತ್ತದೆ. ಹೊಸಬರಿಗೆ ಮಾತ್ರ ನಾನು ಅದನ್ನು ಹೇಳುವುದಿಲ್ಲ. ಸುತ್ತಲೂ ಹೊಲಿದು ನಡುವಿಗೆ ಬರುವಷ್ಟರಲ್ಲಿ ಹೆಚ್ಚುವರಿ ಬಟ್ಟೆಯೆಲ್ಲ ಅಲ್ಲಿ ಉಬ್ಬಿ ನಿಂತಿರುತ್ತದೆ, ಅದನ್ನು ಹೊರಹಾಕಲು ದಾರಿಯಿರುವುದಿಲ್ಲ. ಮೊದಲ ಕೌದಿಗೆ ಉದ್ದಕ್ಕೆ ನೇರ ಸಾಲುಗಳು ಸಾಕು. ನಟ್ಟನಡುವಿನ ಸಾಲಿನಿಂದ ಆರಂಭಿಸಿ ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ ಸಾಗಿ. ಸಾಲಿನಿಂದ ಸಾಲಿಗೆ ಎರಡು ಬೆರಳು ಅಂತರ, ಎಂದರೆ ಸುಮಾರು ಒಂದೂವರೆ ಅಂಗುಲ.

ದಾರವನ್ನು ಎರಡೆಳೆ ಮಾಡಿದ ಮೇಲೆ ಮೊಳದುದ್ದಕ್ಕಿಂತ ಹೆಚ್ಚಿಗೆ ಇಟ್ಟುಕೊಳ್ಳಬೇಡಿ. ಉದ್ದವಾದರೆ ಗಂಟಾಗುತ್ತದೆ, ಬಟ್ಟೆಯಲ್ಲಿ ಓಡಾಡಿ ಸವೆಯುತ್ತದೆ. ಉಳಿದ ಮೇಣದ ಬತ್ತಿಯ ತುಂಡಿನ ಮೇಲೆ ದಾರವನ್ನು ಒಮ್ಮೆ ಎಳೆದುಕೊಂಡರೆ ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳುವುದಿಲ್ಲ. ತುದಿಗೆ ಚಿಕ್ಕ ಗಂಟು ಹಾಕಿ, ಸಾಲು ಶುರುವಾಗುವ ಜಾಗಕ್ಕಿಂತ ಒಂದು ಅಂಗುಲ ಆಚೆ ಮೇಲ್ಪದರದಲ್ಲಿ ಮಾತ್ರ ಸೂಜಿ ಇಳಿಸಿ, ಪದರಗಳ ನಡುವೆಯೇ ಸಾಗಿಸಿ ಸಾಲಿನ ಮೇಲೆ ಎತ್ತಿ. ದಾರವನ್ನು ಮೆಲ್ಲಗೆ ಎಳೆದರೆ ಟಪ್ಪೆಂದು ಗಂಟು ಒಳಗಿಳಿದು ಪದರಗಳ ನಡುವೆ ಅಡಗುತ್ತದೆ. ಎರಡೂ ಮುಖದಲ್ಲಿ ಗಂಟು ಕಾಣಿಸದ ಕೌದಿಯ ಗುಟ್ಟು ಇಷ್ಟೇ.

ಇನ್ನು ಹೊಲಿಗೆ. ಕೌದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಎಡಗೈಯನ್ನು ಅಡಿಯಲ್ಲಿಟ್ಟುಕೊಳ್ಳಿ. ಸೂಜಿಯನ್ನು ನೇರವಾಗಿ ಕೆಳಕ್ಕೆ ಇಳಿಸಿದಾಗ ಅದರ ಮೊನೆ ಎಡಗೈ ಬೆರಳಿಗೆ ತಾಕಿದ ಕೂಡಲೇ ಮೇಲಕ್ಕೆ ತಿರುಗಿಸಬೇಕು. ತಾಕಿತೆಂದರೆ ಮೂರು ಪದರವೂ ಸಿಕ್ಕಿತು ಎಂದರ್ಥ. ಹೀಗೆ ಸೂಜಿಯ ಮೇಲೆ ನಾಲ್ಕೈದು ಹೊಲಿಗೆ ಏರಿಸಿಕೊಂಡು ಒಟ್ಟಿಗೆ ದಾರ ಎಳೆಯಿರಿ. ಹೊಲಿಗೆ ಅರ್ಧ ಸೆಂಟಿಮೀಟರಿನಿಂದ ಒಂದರವರೆಗೆ ಇರಲಿ. ಚಿಕ್ಕದಾಗಲಿಲ್ಲವೆಂದು ಕೊರಗಬೇಡಿ, ಒಂದೇ ಸಮನಾಗಿರಲಿ. ದಾರವನ್ನು ಬಟ್ಟೆ ನೆರಿಗೆಗಟ್ಟುವಷ್ಟು ಬಿಗಿಯಬಾರದು. ಪ್ರತಿ ಎಳೆತದ ನಂತರ ಹೆಬ್ಬೆರಳಿನಿಂದ ಸಾಲನ್ನು ಹಿಂದಕ್ಕೆ ಸವರಿದರೆ ಬಿಗಿತ ಹದಕ್ಕೆ ಬರುತ್ತದೆ.

ಆರು ಅಡಿ ಅಗಲಕ್ಕೆ ಇಂಥ 48 ಸಾಲು ಬರುತ್ತವೆ, ಎಲ್ಲ ಸೇರಿ ಸುಮಾರು 110 ಮೀಟರ್ ಹೊಲಿಗೆ. ಕೇಳಿದರೆ ಎದೆ ಧಸಕ್ಕೆನ್ನಬಹುದು. ಆದರೆ ಕೈ ಕುದುರಿದ ಮೇಲೆ ಗಂಟೆಗೆ ಒಂದು ಸಾಲು ಮುಗಿದು ಮುಂದಿನದೂ ಶುರುವಾಗಿರುತ್ತದೆ. ಒಟ್ಟು ನಲವತ್ತು ಗಂಟೆ ಇಟ್ಟುಕೊಳ್ಳಿ. ದೂರದರ್ಶನದ ಧಾರಾವಾಹಿ ನೋಡುತ್ತ, ರೇಡಿಯೊ ಕೇಳುತ್ತ, ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತ ಆಗುವ ಕೆಲಸ. ಹೊಲಿಯುತ್ತಿರುವಾಗಲೇ ಕೌದಿ ಕಾಲುಗಳನ್ನು ಬೆಚ್ಚಗಿಡುತ್ತದೆ. ಬೇಸಿಗೆಯಲ್ಲಿ ಇದನ್ನು ತೊಡೆಯ ಮೇಲೆ ಹಾಕಿಕೊಳ್ಳಲೂ ಆಗುವುದಿಲ್ಲ.

ಬೆಳಕಿನ ವಿಷಯದಲ್ಲಿ ಜಿಪುಣತನ ಬೇಡ. ಬಲಗೈಯವರಿಗೆ ಎಡಬದಿಯಿಂದ ಬೆಳಕು ಬೀಳಬೇಕು, ಎಡಗೈಯವರಿಗೆ ಬಲಬದಿಯಿಂದ. ಕಪ್ಪು, ಕಡುನೀಲಿ ಬಟ್ಟೆಯ ಸಾಲುಗಳನ್ನು ಹಗಲಿಗೆ ಉಳಿಸಿಕೊಳ್ಳಿ. ಕೂರುವಾಗ ಎಷ್ಟು ಸೂಜಿ ತೆಗೆದಿರಿ, ಏಳುವಾಗ ಎಷ್ಟು ಇವೆ ಎಂದು ಎಣಿಸುವುದು ರೂಢಿಯಾಗಲಿ. ಒಂದು ಕಡಿಮೆಯಿದ್ದರೆ ಅಯಸ್ಕಾಂತದ ತುಂಡನ್ನು ನೆಲದ ಮೇಲೆ ಆಡಿಸಿ ಹುಡುಕಿದ ನಂತರವೇ ಮಕ್ಕಳನ್ನು ಬಿಡಿ.

ಯಂತ್ರ ಇದ್ದವರಿಗೆ

ತುಂಡುಗಳನ್ನು ಕೂಡಿಸಲು, ಸುತ್ತಲಿನ ಪಟ್ಟಿಗೆ ಹೊಲಿಗೆ ಯಂತ್ರ ಬಳಸಿ, ಮೈಯ ಸಾಲುಗಳನ್ನು ಕೈಯಲ್ಲೇ ಹಾಕಿ ಎಂಬುದು ನನ್ನ ಅಭಿಪ್ರಾಯ. ಕೈಹೊಲಿಗೆಯ ಕೌದಿ ಮೈಗೆ ಒರಗುವ ಬಗೆಯೇ ಬೇರೆ. ಪೂರ್ತಿ ಯಂತ್ರದಲ್ಲೇ ಹೊಲಿಯುವುದಾದರೆ 16ನೇ ನಂಬರಿನ ಹೊಸ ಸೂಜಿ ಹಾಕಿ, ಹೊಲಿಗೆಯ ಉದ್ದವನ್ನು ಮೂರರಿಂದ ನಾಲ್ಕು ಮಿಲಿಮೀಟರಿಗೆ ಇಡಿ. ಕೌದಿಯನ್ನು ಎರಡು ಬದಿಯಿಂದ ಸುರುಳಿ ಸುತ್ತಿ, ನಡುವಿನ ಸಾಲಿನಿಂದಲೇ ಶುರು ಮಾಡಿ. ಹಳೆಯ ಸೂಜಿ ತೆಗೆಯುವ ಮೊದಲು ಅದರ ಚಪ್ಪಟೆ ಬದಿ ಯಾವ ಕಡೆಗಿತ್ತೆಂದು ನೋಡಿಕೊಳ್ಳಿ.

ಬಟ್ಟೆಯ ಅಡಿಯಲ್ಲಿ ದಾರ ಗುಪ್ಪೆಯಾಗಿ ಸಿಕ್ಕಿಕೊಂಡರೆ ಎಲ್ಲರೂ ಕೆಳಗಿನ ದಾರದ ಬಾಬಿನನ್ನು ದೂರುತ್ತಾರೆ. ಸಾಮಾನ್ಯವಾಗಿ ತಪ್ಪು ಇರುವುದು ಮೇಲಿನ ದಾರದಲ್ಲಿ. ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದವನ್ನು ಮೇಲೆತ್ತಿ, ಮೇಲಿನ ದಾರವನ್ನು ಪೂರ್ತಿ ಬಿಚ್ಚಿ, ದಾರವನ್ನು ಬಿಗಿಹಿಡಿಯುವ ಟೆನ್ಷನ್ ಬಿಲ್ಲೆಗಳ ನಡುವೆ ಸರಿಯಾಗಿ ಕೂರುವಂತೆ ಮತ್ತೆ ಪೋಣಿಸಿ. ಬಹುಪಾಲು ಸಲ ಅಲ್ಲಿಗೇ ಸರಿಹೋಗುತ್ತದೆ. ವರ್ಷವಿಡೀ ಮೂಲೆಯಲ್ಲಿದ್ದ ಯಂತ್ರಕ್ಕೆ ಎಣ್ಣೆ ಬಿಟ್ಟರೆ ಮೊದಲು ಬೇಡದ ಬಟ್ಟೆಯ ಮೇಲೆ ಹತ್ತು ನಿಮಿಷ ಓಡಿಸಿ, ಎಣ್ಣೆಯ ಕಲೆ ಕೌದಿಗೆ ಹತ್ತದಿರಲಿ.

ಡಿಸೆಂಬರಿನ ಇತರ ಕೈಗೆಲಸಗಳು

ಈ ಕಾಲದಲ್ಲಿ ಕೈಗಳಿಗೆ ಕೌದಿಯೊಂದೇ ಕೆಲಸವಲ್ಲ. ಅವರೆಕಾಯಿ ಸುಲಿಯುವುದು, ನೆನೆಸಿದ ಕಾಳನ್ನು ಹಿತುಕುವುದು ದಿನವೂ ಇದ್ದದ್ದೇ. ಹಿತುಕಿದ ಕೈಯಲ್ಲಿ ನೇರವಾಗಿ ಸೂಜಿ ಹಿಡಿಯಬೇಡಿ. ಅವರೆಯ ಸೊಗಡು ಬಾಯಿಗೆ ಎಷ್ಟು ಹಿತವೋ ಬಟ್ಟೆಗೆ ಅಷ್ಟೇ ಜಿಡ್ಡು. ಸೀಗೆಪುಡಿ ಅಥವಾ ಕಡಲೆಹಿಟ್ಟಿನಲ್ಲಿ ಕೈ ತಿಕ್ಕಿ ತೊಳೆದು ಒರೆಸಿಕೊಂಡು ಕುಳಿತುಕೊಳ್ಳಿ.

ಸಂಕ್ರಾಂತಿಗೆ ಹದಿನೈದು ದಿನ ಇರುವಾಗ ಎಳ್ಳು-ಬೆಲ್ಲದ ತಯಾರಿ ಶುರುವಾಗಲಿ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣ ಹೋಳು ಮಾಡಿ ಎರಡು ಮೂರು ದಿನ ಬಿಸಿಲಿಗಿಡಬೇಕು. ಸಕ್ಕರೆ ಅಚ್ಚು ಮನೆಯಲ್ಲೇ ಮಾಡುವ ಆಸೆಯಿದ್ದರೆ ಮರದ ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ, ಇಲ್ಲವಾದರೆ ಪಾಕ ಮರಕ್ಕೆ ಕಚ್ಚುತ್ತದೆ. ಅಚ್ಚಿನ ಎರಡೂ ಹೋಳುಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಕಟ್ಟಿ. ಸಕ್ಕರೆ ಕುದಿಯುವಾಗ ಒಂದು ಚಮಚ ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೆ ಬರುತ್ತದೆ. ಬಟ್ಟೆಯಲ್ಲಿ ಸೋಸಿ, ಪ್ರತಿ ಸಲ ಸ್ವಲ್ಪವೇ ಪಾಕ ತೆಗೆದುಕೊಂಡು ಎಳೆ ಬರುವಷ್ಟು ಕಾಯಿಸಿ, ಸೌಟಿನಿಂದ ಪಾತ್ರೆಯ ಬದಿಗೆ ಉಜ್ಜುತ್ತಿದ್ದರೆ ಬೆಳ್ಳಗಾಗತೊಡಗುತ್ತದೆ. ಆ ಕ್ಷಣದಲ್ಲೇ ಅಚ್ಚಿಗೆ ಸುರಿಯಬೇಕು. ಜಡಿಮಳೆ ಹಿಡಿದ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ, ಅಚ್ಚು ಅಂಟಂಟಾಗುತ್ತದೆ.

ಅಂಚು, ಒಗೆತ, ತೇಪೆ

ಸಾಲುಗಳು ಮುಗಿದ ಮೇಲೆ ಕೌದಿಯ ನಾಲ್ಕು ಬದಿಯನ್ನೂ ಟೈಲ್ಸ್ ಗೆರೆಗೆ ಹೊಂದಿಸಿ ನೇರ ಕತ್ತರಿಸಿ. ಮೂರು ಅಂಗುಲದ ಪಟ್ಟಿಯನ್ನು ಒಳ್ಳೆಯ ಮುಖ ಕೆಳಗಾಗಿ ಅಂಚಿಗೆ ಇಟ್ಟು ಅರ್ಧ ಅಂಗುಲ ಒಳಗೆ ಹೊಲಿಯಿರಿ. ಆಮೇಲೆ ಹಿಂಬದಿಗೆ ತಿರುಗಿಸಿ, ತುದಿಯನ್ನು ಒಳಗೆ ಮಡಚಿ ಕೈಯಲ್ಲಿ ಹೊಲಿದು ಮುಗಿಸಿ. ಅದಾದ ನಂತರವೇ ಕಚ್ಚಾ ಹೊಲಿಗೆಯ ದಾರಗಳನ್ನು ಎಳೆದು ತೆಗೆಯಿರಿ.

ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ ಆಗಲಿ. ನೀರು ಹೀರಿದ ಕೌದಿ ಬಹಳ ಭಾರ. ಒಂದೇ ಹಗ್ಗಕ್ಕೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ, ಎರಡು ಹಗ್ಗಗಳ ಮೇಲೆ ಅಡ್ಡವಾಗಿ ಹರಡಿ. ಫೆಬ್ರವರಿಯ ಬಿಸಿಲಿನಲ್ಲಿ ಒಂದು ದಿನ ಪೂರ್ತಿ ಒಣಗಿಸಿ, ನಡುವಿನ ಪದರದಲ್ಲಿ ತೇವ ಉಳಿದಿಲ್ಲವೆಂದು ಅಂಗೈಯಿಂದ ಒತ್ತಿ ನೋಡಿ ಒಳಗಿಡಿ. ಮಳೆಗಾಲದಲ್ಲಿ ಒಗೆಯಲು ಹೋಗಬೇಡಿ. ಪ್ಲಾಸ್ಟಿಕ್ ಚೀಲದ ಬದಲು ಹಳೆಯ ಹತ್ತಿ ದಿಂಬಿನ ಕವರಿನಲ್ಲಿ ಕಟ್ಟಿಟ್ಟರೆ ಮುಗ್ಗಲು ವಾಸನೆ ಬರುವುದಿಲ್ಲ.

ಮೂರು ನಾಲ್ಕು ವರ್ಷಕ್ಕೆ ಮೇಲ್ಪದರ ಎಲ್ಲಾದರೂ ಸವೆದು ಸೀಳುತ್ತದೆ. ಹರಿದ ಜಾಗಕ್ಕಿಂತ ಎಲ್ಲ ಕಡೆಯೂ ಎರಡು ಅಂಗುಲ ದೊಡ್ಡದಾದ ತೇಪೆ ಕತ್ತರಿಸಿ, ಅದರ ಅಂಚನ್ನು ಕಾಲು ಅಂಗುಲ ಒಳಗೆ ಮಡಚಿ ಇಸ್ತ್ರಿ ಮಾಡಿ, ಸವೆದ ಬಟ್ಟೆಯನ್ನು ತೆಗೆಯದೆ ಅದರ ಮೇಲೆಯೇ ಕೂರಿಸಿ ಹೊಲಿಯಿರಿ. ತೇಪೆಯ ಸುತ್ತ ಹೊಲಿದರೆ ಸಾಲದು, ಹಳೆಯ ಸಾಲುಗಳು ಹಾದುಹೋಗುವ ಕಡೆಯಲ್ಲೆಲ್ಲ ತೇಪೆಯ ಮೇಲೂ ಹೊಲಿಗೆ ಮುಂದುವರಿಯಬೇಕು. ಆಗಲೇ ಅದು ಮೂರು ಪದರಗಳೊಂದಿಗೆ ಗಟ್ಟಿಯಾಗಿ ಸೇರಿಕೊಳ್ಳುತ್ತದೆ.